ರೇಡಿಯೇಟರ್ ಎಲ್ಲಿ ಕೊಳ್ಳಬೇಕು? ಟ್ರೇಡ್ ಕೌಂಟರ್ ಹಿಂದೆ ನಿಂತು ಕಲಿತದ್ದು

ನಾನು ಇಂಗ್ಲೆಂಡಿನ ಮಿಲ್ಟನ್ ಕೀನ್ಸ್‌ನಲ್ಲಿ ಪ್ಲಂಬಿಂಗ್, ಹೀಟಿಂಗ್ ಸಾಮಾನನ್ನು ಮುಖ್ಯವಾಗಿ ಪ್ಲಂಬರ್‌ಗಳಿಗೆ ಮಾರುವ ಟ್ರೇಡ್ ಅಂಗಡಿಯೊಂದರ ಕೌಂಟರ್‌ನಲ್ಲಿ ಕೆಲಸ ಮಾಡುತ್ತೇನೆ. ಈ ಊರಲ್ಲಿ ನಮ್ಮ ಕನ್ನಡದವರು ಸಾಕಷ್ಟು ಜನ ಇದ್ದಾರೆ. ಬಾಡಿಗೆ ಮನೆ ಬಿಟ್ಟು ಸ್ವಂತ ಮನೆ ಕೊಂಡ ಮೇಲೆ ಮೊದಲ ಚಳಿಗಾಲದಲ್ಲೇ ಹಲವರು ಫೋನ್ ಮಾಡುತ್ತಾರೆ. ಪ್ರಶ್ನೆ ಒಂದೇ: ಹಾಲ್‌ನಲ್ಲಿರುವ ರೇಡಿಯೇಟರ್ (ಬಾಯ್ಲರ್‌ನಲ್ಲಿ ಕಾಯಿಸಿದ ನೀರು ಒಳಗೆ ಹರಿದು ಕೋಣೆ ಬೆಚ್ಚಗಿಡುವ, ಗೋಡೆಗೆ ಹಾಕುವ ಉಕ್ಕಿನ ಹಲಗೆ) ಬದಲಾಯಿಸಬೇಕು, ಬಿ ಅಂಡ್ ಕ್ಯೂ, ವಿಕ್ಸ್ ಥರದ ಡಿಐವೈ ಅಂಗಡಿಗೆ (ಮನೆ ರಿಪೇರಿ ತಾವೇ ಮಾಡಿಕೊಳ್ಳುವವರ ಅಂಗಡಿ) ಹೋಗಲಾ, ನಿಮ್ಮಂಥವರ ಹತ್ತಿರ ಬರಲಾ, ಎಲ್ಲಿ ಕಡಿಮೆಗೆ ಸಿಗುತ್ತದೆ?

ಎಲ್ಲಿ ಕಡಿಮೆ ಅಂತ ನೋಡುವ ಮೊದಲು ನಿಮಗೆ ಬೇಕಾದದ್ದು ಏನು ಅಂತ ಗೊತ್ತಿರಬೇಕು. ಅದು ಸರಿಯಾಗಿ ಗೊತ್ತಿದ್ದರೆ ಎಲ್ಲಿ ಬೇಕಾದರೂ ಕೊಳ್ಳಿ, ನನ್ನ ಅಭ್ಯಂತರ ಇಲ್ಲ. ಗೊತ್ತಿಲ್ಲ ಅಂದರೆ ಮಾತ್ರ ನಿಮ್ಮನ್ನೇ ನಾಲ್ಕು ಪ್ರಶ್ನೆ ಕೇಳುವವರು ಇರುವ ಕಡೆ ಹೋಗಿ.

ಮೊದಲು ಒಂದು ತಪ್ಪು ತಿಳುವಳಿಕೆ. "ಸಾರ್, ಟ್ರೇಡ್ ಅಂತ ಬೋರ್ಡ್ ಇದೆಯಲ್ಲ, ನಮ್ಮಂಥವರಿಗೆ ಕೊಡ್ತೀರಾ?" ಅಂತ ಬಾಗಿಲಲ್ಲೇ ನಿಂತು ಕೇಳಿದವರಿದ್ದಾರೆ. ಕೊಡುತ್ತೇವೆ. ಪ್ಲಂಬರ್‌ಗಳಿಗೆ ಮಾತ್ರ ಮಾರುವ ಅಂಗಡಿಗಳು ಕೆಲವು ಇವೆ. ಆದರೆ ಹೆಚ್ಚಿನ ಕಡೆ ಯಾರು ಬೇಕಾದರೂ ಹೋಗಿ ಕಾರ್ಡ್ ಕೊಟ್ಟು ಕೊಳ್ಳಬಹುದು, ಅದಕ್ಕೆ ಕ್ಯಾಶ್ ಸೇಲ್ ಅನ್ನುತ್ತೇವೆ. ವ್ಯತ್ಯಾಸ ಇರುವುದು ರೇಟಿನಲ್ಲಿ. ಡಿಐವೈ ಅಂಗಡಿಯಲ್ಲಿ ಶೆಲ್ಫಿನ ಮೇಲೆ ಬರೆದದ್ದೇ ಬೆಲೆ. ನಮ್ಮಲ್ಲಿ ಹಾಗಲ್ಲ, ಒಂದೇ ವಾಲ್ವ್‌ಗೆ ಖಾತೆ ಇರುವ ಪ್ಲಂಬರ್‌ಗೆ ಒಂದು ರೇಟು, ತಿಂಗಳಿಡೀ ಕೊಳ್ಳುವ ದೊಡ್ಡ ಕಂಪನಿಗೆ ಇನ್ನೊಂದು ರೇಟು, ದಾರಿಯಲ್ಲಿ ಬಂದವರಿಗೆ ಮತ್ತೊಂದು. ಹಾಗಾಗಿ ಒಂದೇ ಒಂದು ರೇಡಿಯೇಟರ್ ಬೇಕು ಅಂತ ಬಂದವರಿಗೆ ನಮ್ಮ ರೇಟು ಜಾಸ್ತಿಯೇ ಅನ್ನಿಸಬಹುದು. ಮನೆಗೆಲ್ಲ ಬೇಕು ಅಂದರೆ ಪಟ್ಟಿ ಬರೆದು ತಂದು ಕೊಟೇಶನ್ ಕೇಳಿ. ಬೆಂಗಳೂರಿನಲ್ಲಿ ಹಾರ್ಡ್‌ವೇರ್ ಅಂಗಡಿಯಲ್ಲಿ ಸಂಕೋಚವಿಲ್ಲದೆ ಚೌಕಾಸಿ ಮಾಡುವವರು ಇಲ್ಲಿ ಬಂದು ಸುಮ್ನೆ ನಿಲ್ಲುತ್ತಾರೆ. ಕೇಳಿ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಇನ್ನು ವ್ಯಾಟ್, ಅಂದರೆ ಇಲ್ಲಿನ ಮಾರಾಟ ತೆರಿಗೆ. ಡಿಐವೈ ಅಂಗಡಿಯ ಬೆಲೆಯಲ್ಲಿ ಶೇ. 20 ವ್ಯಾಟ್ ಸೇರಿರುತ್ತದೆ. ಟ್ರೇಡ್ ಕೌಂಟರ್‌ನಲ್ಲಿ ಬಾಯಲ್ಲಿ ಹೇಳುವ ಬೆಲೆಗೆ ಸಾಮಾನ್ಯವಾಗಿ ವ್ಯಾಟ್ ಸೇರಿರುವುದಿಲ್ಲ, ಯಾಕೆಂದರೆ ವ್ಯಾಟ್ ನೋಂದಣಿ ಇರುವ ಪ್ಲಂಬರ್ ಅದನ್ನು ಲೆಕ್ಕದಲ್ಲಿ ವಾಪಸ್ ಪಡೆಯುತ್ತಾನೆ. ನಮ್ಮಲ್ಲಿ 100 ಪೌಂಡ್ ಅಂದರೆ ನಿಮ್ಮ ಜೇಬಿನಿಂದ ಹೋಗುವುದು 120. ಅಲ್ಲಿ 110 ಅಂತ ಬರೆದದ್ದು 110ಕ್ಕೇ ಸಿಗುತ್ತದೆ. ಇಷ್ಟು ಸಣ್ಣ ವಿಷಯಕ್ಕೆ ಎಷ್ಟೋ ಜನ ಹೋಲಿಕೆ ತಪ್ಪು ಮಾಡುತ್ತಾರೆ. "ವ್ಯಾಟ್ ಸೇರಿ ಎಷ್ಟು?" ಅಂತ ಕೇಳಿಬಿಟ್ಟರೆ ಆಯಿತು.

ಬೆಲೆಗಿಂತ ಮುಖ್ಯವಾದದ್ದು ರೇಡಿಯೇಟರ್ ಎಷ್ಟು ಶಾಖ ಕೊಡುತ್ತದೆ ಎನ್ನುವುದು. ಪೆಟ್ಟಿಗೆಯ ಮೇಲೆ ಬಿಟಿಯು (ಶಾಖದ ಅಳತೆ, ವಾಟ್ ಲೆಕ್ಕದಲ್ಲೂ ಬರೆಯುತ್ತಾರೆ) ಅಂತ ಒಂದು ದೊಡ್ಡ ಸಂಖ್ಯೆ ಇರುತ್ತದೆ, ಜನ ಅದನ್ನೇ ನೋಡಿ ಹೋಲಿಸುತ್ತಾರೆ. ಅದರ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಡೆಲ್ಟಾ ಟಿ 50 ಅಥವಾ 60 ಅಂತ ಬರೆದಿರುತ್ತದೆ, ಅದನ್ನು ಯಾರೂ ನೋಡುವುದಿಲ್ಲ. ರೇಡಿಯೇಟರ್ ಒಳಗಿನ ನೀರಿನ ಸರಾಸರಿ ಬಿಸಿಗೂ ಕೋಣೆಯ ಬಿಸಿಗೂ ಎಷ್ಟು ಡಿಗ್ರಿ ವ್ಯತ್ಯಾಸ ಅಂತ ಅದರ ಅರ್ಥ. ಯುರೋಪಿನ ಇಎನ್ 442 ಮಾನದಂಡದಲ್ಲಿ ಅಳೆಯುವುದು 50ರಲ್ಲಿ, ಅಂದರೆ ನೀರು 75 ಡಿಗ್ರಿಯಲ್ಲಿ ಒಳಗೆ ಹೋಗಿ 65ರಲ್ಲಿ ಹೊರಗೆ ಬಂದು ಕೋಣೆ 20 ಡಿಗ್ರಿ ಇದ್ದಾಗ. 60ರ ಲೆಕ್ಕದಲ್ಲಿ ಬರೆದರೆ ಅದೇ ರೇಡಿಯೇಟರ್‌ನ ಸಂಖ್ಯೆ ದೊಡ್ಡದಾಗಿ ಕಾಣುತ್ತದೆ. ಒಂದರ ಮೇಲೆ 60ರಲ್ಲಿ 6,800 ಬಿಟಿಯು, ಇನ್ನೊಂದರ ಮೇಲೆ 50ರಲ್ಲಿ 5,800 ಅಂತ ಬರೆದಿದೆ ಅನ್ನಿ. ಮೊದಲನೆಯದನ್ನು 50ರ ಲೆಕ್ಕಕ್ಕೆ ತಂದರೆ ಸುಮಾರು 5,370 ಬರುತ್ತದೆ. ಅಂದರೆ ಸಣ್ಣ ಸಂಖ್ಯೆ ಬರೆದ ರೇಡಿಯೇಟರೇ ಜಾಸ್ತಿ ಶಾಖ ಕೊಡುವುದು!

ಈಗ ಇದು ಇನ್ನೂ ಮುಖ್ಯ. ಇಂಗ್ಲೆಂಡಿನಲ್ಲಿ 2022ರ ಜೂನ್‌ನಿಂದ ಹೀಟಿಂಗ್ ವ್ಯವಸ್ಥೆಯನ್ನು ಪೂರ್ತಿ ಹೊಸದಾಗಿ ಹಾಕಿಸುವಾಗ, ಸಾಧ್ಯವಿರುವ ಕಡೆ, ನೀರು 55 ಡಿಗ್ರಿ ಮೀರದ ಹಾಗೆ ಲೆಕ್ಕ ಹಾಕಬೇಕು ಅಂತ ನಿಯಮ ಬಂದಿದೆ. ಬಾಯ್ಲರ್ ಬದಲು ಹೀಟ್ ಪಂಪ್ (ಹೊರಗಿನ ಗಾಳಿಯ ಅಥವಾ ನೆಲದ ಶಾಖ ತೆಗೆದು ನೀರು ಬಿಸಿ ಮಾಡುವ ವಿದ್ಯುತ್ ಯಂತ್ರ) ಹಾಕಿಸಿ ನೀರು 45ಕ್ಕೆ ಇಳಿದರೆ, ಪೆಟ್ಟಿಗೆಯ ಮೇಲೆ 1,700 ವಾಟ್ ಅಂತ ಇರುವ ರೇಡಿಯೇಟರ್ ಕೊಡುವುದು ಸುಮಾರು 600 ಮಾತ್ರ. ಮುಂದೆ ಹೀಟ್ ಪಂಪ್ ಯೋಚನೆ ಇದ್ದರೆ ಈಗಲೇ ದೊಡ್ಡದು ಕೊಳ್ಳಬೇಕು. ಒಬ್ಬರು ಎದುರಿಗೆ ನಿಂತು "ಬಾಯ್ಲರ್ ಎಷ್ಟು ಡಿಗ್ರಿಗೆ ಇಟ್ಟಿದ್ದೀರಿ? ಮುಂದೆ ಬದಲಾಯಿಸುವ ಆಲೋಚನೆ ಇದೆಯಾ?" ಅಂತ ಕೇಳಿದರೆ ತಾನೆ ಇದು ನೆನಪಾಗುವುದು?

ಕೌಂಟರ್‌ನಲ್ಲಿ ನಾನು ಕಲಿತ ದೊಡ್ಡ ಪಾಠ ಇದೇ. ಸೇರಿದ ಹೊಸತರಲ್ಲಿ, ಹಿಂದೆ ತಾವೇ ಹೀಟಿಂಗ್ ಕೆಲಸ ಮಾಡಿ ಆಮೇಲೆ ಅಂಗಡಿಗೆ ಬಂದ ಹಿರಿಯರೊಬ್ಬರ ಪಕ್ಕ ನಿಲ್ಲುತ್ತಿದ್ದೆ. ಯಾರಾದರೂ "ಒಂದು ಮೀಟರಿನ ಡಬಲ್ ಕೊಡಿ" (ಎರಡು ಪದರದ ರೇಡಿಯೇಟರ್) ಅಂದರೆ ಅವರು ಕಂಪ್ಯೂಟರ್ ಕಡೆ ತಿರುಗುತ್ತಲೇ ಇರಲಿಲ್ಲ. "ಈಗ ಆ ಜಾಗದಲ್ಲಿ ಏನಿದೆ?" ಅಂತ ಕೇಳುತ್ತಿದ್ದರು. ಗಿರಾಕಿ ಕೇಳಿದ ಸಾಮಾನು ಕೊಡುವುದು ಸುಲಭ, ಅದು ಹೋಗಿ ಕೂರುವ ಜಾಗವನ್ನು ವಿಚಾರಿಸಿ ಕೊಡುವುದೇ ಕೆಲಸ, ಅಂತ ಅವರನ್ನು ನೋಡಿ ನೋಡಿ ತಿಳಿಯಿತು.

ಆ ಪ್ರಶ್ನೆಯ ಬೆಲೆ ಏನು ಅಂತ ಒಂದು ಉದಾಹರಣೆ ಹೇಳುತ್ತೇನೆ. ನಮ್ಮ ಕಡೆಯ ದಂಪತಿ ಬಂದಿದ್ದರು, ಮಂಡ್ಯದವರು. ಗಂಡನ ಫೋನಿನಲ್ಲಿ ಹಳೇ ರೇಡಿಯೇಟರ್‌ನ ಫೋಟೋ, ಹೆಂಡತಿಯ ಕೈಯಲ್ಲಿ ಅಳತೆ ಬರೆದ ಚೀಟಿ.

"ನಲವತ್ತು ಇಂಚು ಬರುತ್ತೆ ಸಾರ್. ಒಂದು ಮೀಟರ್ ಅಂದ್ರೆ ಅದೇ ಅಲ್ವಾ?"

"ಒಂದು ಮೀಟರಿಂದು ಹದಿನಾರು ಮಿಲಿಮೀಟರ್ ಕಮ್ಮಿ ಬರುತ್ತೆ ಮೇಡಂ. ಪೈಪು ನೆಲದಿಂದ ಮೇಲೆ ಬಂದಿದೆಯಾ, ಗೋಡೆಯಿಂದಲಾ?"

"ನೆಲದಿಂದ. ಕಾಂಕ್ರೀಟ್ ನೆಲ."

ಹದಿನಾರು ಮಿಲಿಮೀಟರ್ ಅಂದರೆ ಬೆರಳಿನಷ್ಟು ಅಗಲ. ಆದರೆ ಕಾಂಕ್ರೀಟಿನಿಂದ ಎದ್ದು ನಿಂತ ತಾಮ್ರದ ಪೈಪು ಅಷ್ಟು ಕೂಡ ಒಳಗೆ ಸರಿಯುವುದಿಲ್ಲ. ಎಳೆದು ಬಗ್ಗಿಸಿ ಕೂರಿಸಿದರೆ ವಾಲ್ವ್ ಓರೆಯಾಗಿ ನಿಂತು, ಇವತ್ತಲ್ಲ ನಾಳೆ ಹನಿ ಹನಿಯಾಗಿ ಸೋರುತ್ತದೆ. ಇದಕ್ಕೆ ಪರಿಹಾರ ಒಂದು ಸಣ್ಣ ಎಕ್ಸ್‌ಟೆನ್ಷನ್ ಟೇಲ್, ರೇಡಿಯೇಟರಿಗೂ ವಾಲ್ವಿಗೂ ಮಧ್ಯೆ ಹಾಕುವ ಉದ್ದನೆಯ ತುಂಡು. ಬೇಕಾದಷ್ಟು ಉದ್ದಕ್ಕೆ ಹೊಂದಿಸಿಕೊಳ್ಳಬಹುದು. ಅದು ನಮ್ಮ ಕೌಂಟರ್ ಹಿಂದಿನ ಡಬ್ಬಿಯಲ್ಲೇ ಇತ್ತು. ಅದೊಂದು ಇಲ್ಲದಿದ್ದರೆ ಪ್ಲಂಬರ್ ಬಂದು ನೋಡಿ, ಇದು ಕೂರುವುದಿಲ್ಲ ಅಂತ ಕರೆಯ ಚಾರ್ಜು ತೆಗೆದುಕೊಂಡು ಹೊರಟುಹೋಗುತ್ತಿದ್ದ.

ಈ ಊರಲ್ಲಿ ಪೈಪಿನ ಕಥೆಯೂ ಬೇರೆ ಬೇರೆ. ಮಿಲ್ಟನ್ ಕೀನ್ಸ್ ಹೊಸ ಊರು ಅಂತ ಘೋಷಣೆ ಆದದ್ದು 1967ರಲ್ಲಿ. ಎಪ್ಪತ್ತು, ಎಂಬತ್ತರ ದಶಕದ ಮನೆಗಳಲ್ಲಿ ಮೈಕ್ರೋಬೋರ್, ಅಂದರೆ 8 ಅಥವಾ 10 ಮಿಲಿಮೀಟರಿನ ಸಣ್ಣ ಪೈಪು ಸಿಗುವುದು ಸಾಮಾನ್ಯ. ಅಂಗಡಿಯಲ್ಲಿ ಸುಲಭವಾಗಿ ಸಿಗುವ ವಾಲ್ವ್ 15 ಮಿಲಿಮೀಟರಿಂದು, ಮಧ್ಯೆ ರೆಡ್ಯೂಸರ್, ಅಂದರೆ ಅಳತೆ ಹೊಂದಿಸುವ ತುಂಡು ಬೇಕು. ಪಕ್ಕದ ವುಲ್ವರ್ಟನ್‌ನ ರೈಲ್ವೆ ಕಾಲದ ಸಾಲುಮನೆಗಳಿಗೆ ಹೋದರೆ, ಇಂಚಿನ ಲೆಕ್ಕದ ಹಳೇ ತಾಮ್ರದ ಪೈಪು ಉಳಿದಿರಬಹುದು. ಅರ್ಧ ಇಂಚಿನ ಹಳೇ ಪೈಪಿಗೆ ಈಗಿನ 15 ಮಿಲಿಮೀಟರ್ ಕಂಪ್ರೆಷನ್ ಫಿಟ್ಟಿಂಗ್ (ನಟ್ ಬಿಗಿದು ಕೂಡಿಸುವ ಜೋಡಣೆ) ಹಿಡಿಯುತ್ತದೆ. ಮುಕ್ಕಾಲು ಇಂಚಿಗೆ 22 ಮಿಲಿಮೀಟರ್ ಹಾಗೇ ಹಿಡಿಯುವುದಿಲ್ಲ, ಒಳಗಿನ ಆಲಿವ್ ಅನ್ನುವ ಉಂಗುರ ಬೇರೆಯದು ಹಾಕಬೇಕು. ಆ ಉಂಗುರವನ್ನು ಬಿಡಿಯಾಗಿ ಕೇಳಿದರೆ ಎಣಿಸಿ ಕೊಡುವವರು ಟ್ರೇಡ್ ಅಂಗಡಿಯವರು.

ವಾಲ್ವ್ ವಿಷಯದಲ್ಲಿ ನನ್ನದು ಸ್ವಲ್ಪ ಹಠ. ರೇಡಿಯೇಟರ್ ಬಣ್ಣ ಬಳಿದ ಉಕ್ಕಿನ ಹಾಳೆ, ಒಳ್ಳೆ ಕಂಪನಿಯದಾದರೆ ಎಲ್ಲಿ ಕೊಂಡರೂ ಅದೇ. ಒಂದೇ ಅಳತೆಯ ಎರಡು ಕಂಪನಿಯ ರೇಡಿಯೇಟರ್ ಇದ್ದರೆ ಶಾಖದ ವಾಟ್ ಸಂಖ್ಯೆಯ ಜೊತೆಗೆ ತೂಕವನ್ನೂ ನೋಡಿ, ಒಳಗಿನ ಮಡಿಕೆ ತಗಡು ಎಷ್ಟಿದೆ ಅಂತ ಅಂದಾಜು ಸಿಗುತ್ತದೆ. ವಾಲ್ವ್ ಹಾಗಲ್ಲ, ದಿನಾ ತಿರುಗಿಸುವ ವಸ್ತು. ಥರ್ಮೋಸ್ಟಾಟ್ ವಾಲ್ವ್‌ನ (ಕೋಣೆಯ ಬಿಸಿ ನೋಡಿ ತಾನೇ ನೀರು ಬಿಡುವ, ತಡೆಯುವ ವಾಲ್ವ್) ತಲೆ, ಅಂದರೆ ತಿರುಗಿಸುವ ಮೇಲ್ಭಾಗ ಕೆಟ್ಟರೆ ತಲೆ ಮಾತ್ರ ಬದಲಾಯಿಸಬಹುದು, ಕೆಳಗಿನ ಬಾಡಿ ತೆಗೆಯುವುದಾದರೆ ನೀರು ಖಾಲಿ ಮಾಡಬೇಕು. ಹೆಚ್ಚಿನ ಕಂಪನಿಗಳದು ಎಂ30 ಅನ್ನುವ ತಿರುಪು, ಡ್ಯಾನ್‌ಫಾಸ್‌ನ ಆರ್‌ಎ ಸರಣಿಗೆ ಅದರದೇ ಹಿಡಿತ. ಎರಡಕ್ಕೂ ಹೊಸ ತಲೆ ಸಿಗುತ್ತದೆ, ಫೋನಿನಿಂದ ನಿಯಂತ್ರಿಸುವ ಸ್ಮಾರ್ಟ್ ತಲೆ ಹಾಕುವವರಿಗೂ ತೊಂದರೆ ಇಲ್ಲ. ಹೆಸರಿಲ್ಲದ ಅಗ್ಗದ ವಾಲ್ವ್ ಕೊಂಡರೆ ಮುಂದೆ ತಲೆ ಹುಡುಕುವುದೇ ಕಷ್ಟ. ರೇಡಿಯೇಟರ್‌ನಲ್ಲಿ ಉಳಿಸಿದ ದುಡ್ಡನ್ನು ಬೇಕಿದ್ದರೆ ವಾಲ್ವ್‌ಗೆ ಹಾಕಿ.

ಹಾಗಂತ ಡಿಐವೈ ಅಂಗಡಿಯನ್ನು ನಾನು ಕಡೆಗಣಿಸುವುದಿಲ್ಲ. ಭಾನುವಾರ ಪೈಪು ಸೋರಿದರೆ ನಮ್ಮಂಥ ಅಂಗಡಿಗಳು ಹೆಚ್ಚಾಗಿ ಮುಚ್ಚಿರುತ್ತವೆ. ಅಲ್ಲಿ ಬಾಗಿಲು ತೆರೆದಿರುತ್ತದೆ, ಆದರೆ ದೊಡ್ಡ ಅಂಗಡಿಗಳಿಗೆ ಭಾನುವಾರ ಆರು ಗಂಟೆ ಮಾತ್ರ ವ್ಯಾಪಾರ ಅಂತ ಇಲ್ಲಿ ಕಾನೂನಿದೆ, ಸಾಯಂಕಾಲಕ್ಕೆ ಬಿಟ್ಟುಕೊಂಡರೆ ಸಿಗುವುದಿಲ್ಲ. ಒಂದು ಎಲ್ಬೋ, ಒಂದು ಸುತ್ತು ಪಿಟಿಎಫ್‌ಇ ಟೇಪು (ನಮ್ಮೂರಲ್ಲಿ ಟೆಫ್ಲಾನ್ ಟೇಪ್ ಅನ್ನುತ್ತೇವಲ್ಲ, ಅದೇ) ಬೇಕಾದರೆ ಅಲ್ಲೇ ಕೊಳ್ಳಿ. ನಮ್ಮಲ್ಲಿ ತಾಮ್ರದ ಪೈಪು 3 ಮೀಟರ್ ಉದ್ದದ್ದು, ಕಾರಿನಲ್ಲಿ ಹಿಡಿಸುವುದಿಲ್ಲ. ಅಲ್ಲಿ ಚಿಕ್ಕ ತುಂಡುಗಳೂ ಇರುತ್ತವೆ. ಪೈಪಿನ ಮೇಲೆ ಬಿಎಸ್ ಇಎನ್ 1057 ಅಂತ ಅಚ್ಚು ಇದ್ದರೆ ಎಲ್ಲಿಂದ ತಂದರೂ ಪರವಾಗಿಲ್ಲ. ಸ್ಕ್ರೂಫಿಕ್ಸ್, ಟೂಲ್‌ಸ್ಟೇಷನ್ ಥರದ ಅಂಗಡಿಗಳು ಡಿಐವೈ, ಟ್ರೇಡ್ ಎರಡರ ಮಧ್ಯದಲ್ಲಿ ಬರುತ್ತವೆ. ಬಿ ಅಂಡ್ ಕ್ಯೂ, ಸ್ಕ್ರೂಫಿಕ್ಸ್ ಎರಡೂ ಕಿಂಗ್‌ಫಿಶರ್ ಕಂಪನಿಯವೇ. ವಿಕ್ಸ್ ಕೂಡ 2021ರವರೆಗೆ ಟ್ರಾವಿಸ್ ಪರ್ಕಿನ್ಸ್ ಎಂಬ ದೊಡ್ಡ ಟ್ರೇಡ್ ಕಂಪನಿಯ ಕೈಯಲ್ಲಿತ್ತು. ಹಾಗಾಗಿ ಇವರು ಬೇರೆ, ಅವರು ಬೇರೆ ಅಂತ ಗೋಡೆ ಕಟ್ಟಿಕೊಳ್ಳುವ ಅಗತ್ಯ ಇಲ್ಲ.

ಇನ್ನೊಂದು ವಿಷಯ, ಇದರಲ್ಲಿ ಮನಸ್ತಾಪ ಜಾಸ್ತಿ. ಸಾಮಾನು ನಾವೇ ಕೊಂಡು ಕೊಡಬೇಕಾ, ಪ್ಲಂಬರ್‌ಗೆ ಬಿಡಬೇಕಾ? ಪ್ಲಂಬರ್ ತನಗೆ ಸಿಗುವ ರೇಟಿನ ಮೇಲೆ ಸ್ವಲ್ಪ ಸೇರಿಸಿಯೇ ಬಿಲ್ ಮಾಡುತ್ತಾನೆ. ಅದು ಗೊತ್ತಾದ ಕೂಡಲೇ ನಮ್ಮವರಿಗೆ ಊರಿನ ಕಮಿಷನ್ ನೆನಪಾಗಿ ಸಿಟ್ಟು ಬರುತ್ತದೆ. ಆದರೆ ಆ ದುಡ್ಡಿಗೆ ಅವನು ಬಂದು ತೆಗೆದುಕೊಂಡು ಹೋಗುತ್ತಾನೆ, ಮೂವತ್ತು ಕೇಜಿ ತೂಕದ ರೇಡಿಯೇಟರ್ ಹೊರುತ್ತಾನೆ, ಮೂಲೆ ನಜ್ಜಾಗಿದ್ದರೆ ವಾಪಸ್ ತಂದು ನಮ್ಮ ಜೊತೆ ವಾದ ಮಾಡುತ್ತಾನೆ. ಮುಂದೆ ಸೋರಿದರೆ ಸಾಮಾನಿಗೂ ಕೆಲಸಕ್ಕೂ ಅವನೊಬ್ಬನೇ ಹೊಣೆ. ನೀವು ಕೊಂಡು ಅವನು ಹಾಕಿದರೆ, ಸಾಮಾನು ಸರಿಯಿಲ್ಲ ಅಂತ ಅವನು, ಹಾಕಿದ್ದು ಸರಿಯಿಲ್ಲ ಅಂತ ಅಂಗಡಿ, ಮಧ್ಯದಲ್ಲಿ ನೀವು. ಇಡೀ ಮನೆಯ ಕೆಲಸವಾದರೆ ಪ್ಲಂಬರ್‌ಗೇ ಬಿಡಿ, ಆ ಸ್ವಲ್ಪ ಹಣ ದಂಡವಲ್ಲ.

ಸ್ನೇಹಿತನ ಕಂಪನಿಯ ಖಾತೆಯಲ್ಲಿ ರಿಯಾಯಿತಿ ಸಿಗುತ್ತದೆ ಅಂತ ಅವರ ಹೆಸರಲ್ಲಿ ಕೊಳ್ಳುವವರೂ ಇದ್ದಾರೆ. ದಯವಿಟ್ಟು ಯೋಚಿಸಿ. ನಿಮ್ಮ ಹೆಸರಲ್ಲಿ ಮನೆಗೆ ಅಂತ ಕೊಂಡರೆ 2015ರ ಗ್ರಾಹಕ ಹಕ್ಕು ಕಾಯ್ದೆ ನಿಮ್ಮ ಬೆನ್ನಿಗಿದೆ. ಸಾಮಾನು ದೋಷದ್ದಾದರೆ 30 ದಿನದೊಳಗೆ ವಾಪಸ್ ಕೊಟ್ಟು ಪೂರ್ತಿ ಹಣ ಕೇಳಬಹುದು, ಅದು ಟ್ರೇಡ್ ಅಂಗಡಿಗೂ ಅನ್ವಯಿಸುತ್ತದೆ. ಕಂಪನಿ ಹೆಸರಿನ ಬಿಲ್ಲಿಗೆ ಆ ಹಕ್ಕು ಇಲ್ಲ. ಬರೀ ಮನಸ್ಸು ಬದಲಾಯಿತು ಅಂತ ವಾಪಸ್ ಕೊಡುವುದಾದರೆ ಡಿಐವೈ ಅಂಗಡಿಯವರೇ ಧಾರಾಳ. ಆರ್ಡರ್ ಮಾಡಿ ತರಿಸಿದ ಸಾಮಾನಿಗೆ ನಮ್ಮಂಥವರು ಹಣ ಮುರಿದುಕೊಳ್ಳಬಹುದು, ಮೊದಲೇ ಕೇಳಿಕೊಳ್ಳಿ.

ರೇಡಿಯೇಟರ್ ಕೊಂಡವರಿಗೆ ನಾನು ಕೇಳದೆ ಬಿಡದ ಪ್ರಶ್ನೆ ಒಂದಿದೆ: "ಇನ್ಹಿಬಿಟರ್ ಇದೆಯಾ?" ನೀರು ಖಾಲಿ ಮಾಡಿ ಹೊಸ ನೀರು ತುಂಬಿದಾಗ, ತುಕ್ಕು ತಡೆಯುವ ಈ ದ್ರಾವಣವೂ ಹೊರಟುಹೋಗಿರುತ್ತದೆ. ಹಾಗೇ ಬಿಟ್ಟರೆ ಉಕ್ಕು ಒಳಗಿನಿಂದ ತಿನ್ನಿಸಿಕೊಂಡು ಕಪ್ಪು ಕೆಸರಾಗುತ್ತದೆ, ರೇಡಿಯೇಟರ್‌ನ ಕೆಳಭಾಗ ತಣ್ಣಗೆ ಉಳಿಯುತ್ತದೆ, ಕೊನೆಗೆ ಆ ಕೆಸರು ಬಾಯ್ಲರ್‌ಗೂ ಹೋಗುತ್ತದೆ. ರೇಡಿಯೇಟರ್‌ಗೆ ಹತ್ತು ವರ್ಷ ಗ್ಯಾರಂಟಿ ಅಂತ ಇದ್ದರೂ ಇನ್ಹಿಬಿಟರ್ ಹಾಕಿರಬೇಕು ಎನ್ನುವ ಷರತ್ತು ಇರುತ್ತದೆ. ಸೆಂಟಿನೆಲ್ ಎಕ್ಸ್100 ಅನ್ನುವ ಇನ್ಹಿಬಿಟರ್‌ನ ಒಂದು ಲೀಟರ್ ಬಾಟಲಿ 100 ಲೀಟರ್ ನೀರಿಗೆ ಸಾಕು. ಎರಡೂ ಥರದ ಅಂಗಡಿಯಲ್ಲಿ ಇಂಥದ್ದು ಸಿಗುತ್ತದೆ, ಮರೆಯಬೇಡಿ ಅಷ್ಟೆ.

ಕೌಂಟರ್‌ಗೆ ಬರುವಾಗ ಎರಡೂ ಬದಿಯ ವಾಲ್ವ್ ಹತ್ತಿರದಿಂದ ಕಾಣುವ ಫೋಟೋ, ಒಂದು ಪೈಪಿನ ಮಧ್ಯದಿಂದ ಇನ್ನೊಂದು ಪೈಪಿನ ಮಧ್ಯಕ್ಕೆ ಎಷ್ಟು ಮಿಲಿಮೀಟರ್ ಎನ್ನುವ ಅಳತೆ, ಕೋಣೆಯ ಉದ್ದ ಅಗಲ ಎತ್ತರ, ಕಿಟಕಿ ಎಷ್ಟಿವೆ, ಬಾಯ್ಲರ್‌ನ ಡಿಗ್ರಿ ಎಷ್ಟಕ್ಕೆ ಇಟ್ಟಿದ್ದೀರಿ, ಇಷ್ಟು ತನ್ನಿ. ಬೆಳಿಗ್ಗೆ ಏಳೂವರೆಗೆ ಬಾಗಿಲು ತೆಗೆದ ತಕ್ಷಣ ಬರಬೇಡಿ, ಆಗ ಪ್ಲಂಬರ್‌ಗಳೆಲ್ಲ ಕೆಲಸಕ್ಕೆ ಹೊರಡುವ ಅವಸರದಲ್ಲಿ ಸಾಲು ನಿಂತಿರುತ್ತಾರೆ. ಹತ್ತು ಗಂಟೆ ಮೇಲೆ ಬನ್ನಿ, ನಿಧಾನವಾಗಿ ಕ್ಯಾಟಲಾಗ್ ತೆಗೆದು ನೋಡೋಣ.