ಭಾನುವಾರದ ನಾಟಕದ ಕ್ಲಾಸು

ಪೀಣ್ಯದ ಗಾರ್ಮೆಂಟ್ಸಲ್ಲಿ ಕಾಲರ್ ಹೊಲಿಯೋ ನಮ್ಮ ಪಕ್ಕದ್ಮನೆ ಅಕ್ಕ ಭಾನುವಾರದ ನಾಟಕದ ಕ್ಲಾಸಿಗೆ ಹೋಗ್ತಾರೆ. ಏಳನೇ ಕ್ಲಾಸಿಗೇ ಶಾಲೆ ಬಿಟ್ಟವರು. ಮೊದಲು ಅವರ ಮಾತು ಎರಡನೇ ಸಾಲಿಗೂ ಕೇಳ್ತಿರಲಿಲ್ಲವಂತೆ. ಮೇಷ್ಟ್ರು ಗೋಡೆಗೆ ಬೆನ್ನು ಕೊಟ್ಟು ನಿಲ್ಲಿಸಿ, ‘ಹೊಟ್ಟೆಯಿಂದ ಉಸಿರು ತಗೊಳ್ಳಿ’ ಅಂತ ಕಲಿಸಿದ್ದಾರೆ. ಈಗ ಟೆರೇಸಲ್ಲಿ ಬಟ್ಟೆ ಒಣಗಿಸ್ತಾ ಡೈಲಾಗ್ ಹೊಡೆದರೆ ಕೆಳಗೆ ಅಂಗಡಿಯವರು ತಲೆ ಎತ್ತಿ ನೋಡ್ತಾರೆ!

ಮೊನ್ನೆ ಟಾರ್ಗೆಟ್ ವಿಚಾರಕ್ಕೆ ಸೂಪರ್‌ವೈಸರ್ ಏಕವಚನದಲ್ಲಿ ಕೂಗಾಡಿದಾಗ, ‘ಮೆತ್ತಗೇ ಹೇಳಿ ಸಾರ್, ಕೇಳ್ಸುತ್ತೆ’ ಅಂದರಂತೆ. ಇಡೀ ಲೈನ್ ನಕ್ಕಿದೆ.

1949ರಲ್ಲಿ ನೀನಾಸಂ ಅನ್ನೋ ನಾಟಕ ಸಂಸ್ಥೆ ಹುಟ್ಟಿದ್ದು ಹೆಗ್ಗೋಡಿನಂಥ ಪುಟ್ಟ ಹಳ್ಳಿಯಲ್ಲಿ. ಇಷ್ಟು ದೊಡ್ಡ ಬೆಂಗಳೂರಲ್ಲಿ ಫ್ಯಾಕ್ಟರಿ ಏರಿಯಾಗೊಂದು ಇಂಥ ಕ್ಲಾಸು ಯಾಕಿರಬಾರದು?

ಮುಂದಿನ ನಾಟಕದಲ್ಲಿ ಅಕ್ಕನಿಗೆ ಇನ್ಸ್‌ಪೆಕ್ಟರ್ ಪಾತ್ರವೇ ಬೇಕಂತೆ. ಮೇಷ್ಟ್ರು ಇನ್ನೂ ಒಪ್ಪಿಲ್ಲ.