ಹೂ ಕೇಳೋದಕ್ಕೆ ಮುಂಚೆ, ಕೇಳಿದ ಮೇಲೆ

ಮನೆಗೆ ಕಷ್ಟ ಬಂದರೆ ನಮ್ಮ ತುಮಕೂರು ಸೀಮೆಯಲ್ಲಿ ಹಿರಿಯರ ಬಾಯಲ್ಲಿ ಬರುವ ಮಾತು ಒಂದೇ: "ಅಮ್ಮನ ಹತ್ರ ಹೂ ಕೇಳ್ಕೊಂಡು ಬಂದ್ಬಿಡ್ರಪ್ಪ." ಬೋರು ಬತ್ತಿರಲಿ, ಮಗಳ ಸಂಬಂಧ ಮುರಿದಿರಲಿ, ಡಾಕ್ಟ್ರು ಆಪರೇಷನ್ ಅಂದಿರಲಿ, ದಾರಿ ಕಾಣದಾಗ ದೇವರ ಅಪ್ಪಣೆ ಬೇಕು. ಒಂದೂರಲ್ಲಿ ಹೂವಿನ ಪ್ರಸಾದ, ಇನ್ನೊಂದೂರಲ್ಲಿ ಚೀಟಿ, ಮತ್ತೊಂದು ಕಡೆ ಹೆಗಲ ಮೇಲೆ ಹೊತ್ತ ದೇವರು ಮುಂದೆ ಬಂದರೆ ಹೌದು, ಹಿಂದೆ ಸರಿದರೆ ಇಲ್ಲ. ತಿಪಟೂರು ತಾಲ್ಲೂಕಿನ ದಸರಿಘಟ್ಟದ ಚೌಡೇಶ್ವರಿಯಂತೂ ಬರೆದು ಅಪ್ಪಣೆ ಕೊಡುವ ತಾಯಿ ಎಂದೇ ಹೆಸರುವಾಸಿ.

ಇದೆಲ್ಲ ಬರೀ ಮೂಢನಂಬಿಕೆ ಅನ್ನುವವರಿಗೂ, ದೇವರು ಹೇಳಿದ ಮೇಲೆ ಮಾತ್ರೆ ಯಾಕೆ ಅನ್ನುವವರಿಗೂ ಈ ಬರಹ ಹಿಡಿಸಲಿಕ್ಕಿಲ್ಲ. ಅಪ್ಪಣೆ ಕೇಳುವುದಕ್ಕೆ ಒಂದು ಜಾಗ ಇದೆ, ಆದರೆ ಅದು ಸರತಿಯಲ್ಲಿ ಮೊದಲನೆಯ ಜಾಗ ಅಲ್ಲ. ಇಷ್ಟು ಒಪ್ಪುವವರು ಮುಂದೆ ಓದಿ.

ಕೇಳಲೇಬಾರದ ಪ್ರಶ್ನೆಗಳು ಕೆಲವಿವೆ. ಕೋಲಾರದ ಕೋಲಾರಮ್ಮನ ಗುಡಿಯಲ್ಲಿ ಚೇಳಮ್ಮ ಇದ್ದಾಳೆ. ಅಲ್ಲಿ ನೆಲದೊಳಗೇ ಕೊರೆದ ಹುಂಡಿಗೆ ಕಾಣಿಕೆ ಹಾಕಿದರೆ ಮನೆಯವರಿಗೆ ಚೇಳು ಕಡಿಯಲ್ಲ ಅನ್ನುವುದು ಹಿಂದಿನಿಂದ ಬಂದ ನಂಬಿಕೆ. ಹಾಕಿ, ತಪ್ಪೇನಿಲ್ಲ. ಆದರೆ ಆ ಕಾಣಿಕೆ ಕಡಿಯುವುದಕ್ಕೆ ಮುಂಚಿನದು. ಕಡಿದ ಮೇಲೆ ಮಗುವಿಗೆ ಮೈಯೆಲ್ಲ ಬೆವರು, ಕೈಕಾಲು ತಣ್ಣಗೆ, ಮೇಲಿಂದ ಮೇಲೆ ವಾಂತಿ ಅಂದರೆ ಅದು ಕೆಂಪು ಚೇಳಿನ ವಿಷ ಹೃದಯಕ್ಕೆ ತಟ್ಟುತ್ತಿರುವ ಲಕ್ಷಣ. ಮಹಾರಾಷ್ಟ್ರದ ಮಹಾಡ್‌ನ ವೈದ್ಯ ಹಿಮ್ಮತ್‌ರಾವ್ ಬಾವಸ್ಕರ್ ಇದಕ್ಕೆ ಪ್ರಾಜೋಸಿನ್ ಅನ್ನುವ ಅಗ್ಗದ ಮಾತ್ರೆ ಕೆಲಸ ಮಾಡುತ್ತದೆ ಎಂದು ತೋರಿಸಿಕೊಟ್ಟ ಮೇಲೆ ಸಾವು ಬಹಳ ಇಳಿಯಿತು. ಆ ಮಾತ್ರೆಯನ್ನು ಎಷ್ಟು, ಯಾವಾಗ ಕೊಡಬೇಕು ಅನ್ನುವುದು ಡಾಕ್ಟರ ಕೆಲಸ. ಬೇಗ ತಲುಪಿಸುವುದು ನಮ್ಮದು.

ಹಾವಿನದೂ ಹೀಗೇ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ, ಈ ನಾಲ್ಕಕ್ಕೂ ಒಂದೇ ಪ್ರತಿವಿಷ. ಹಾಗಾಗಿ ಹಾವನ್ನು ಹುಡುಕಿ ಹೊಡೆದು ಚೀಲದಲ್ಲಿ ತರುವ ಅಗತ್ಯ ಇಲ್ಲ. ಬಿಗಿಯಾಗಿ ಹಗ್ಗ ಕಟ್ಟಬೇಡಿ, ಕೊಯ್ಯಬೇಡಿ, ಬಾಯಿ ಹಾಕಿ ಹೀರಬೇಡಿ. ಉಂಗುರ, ಕಾಲುಂಗುರ, ಬಳೆ ತೆಗೆದುಬಿಡಿ, ಯಾಕೆಂದರೆ ಊತ ಬಂದ ಮೇಲೆ ಅವು ತೆಗೆಯಲು ಬರುವುದಿಲ್ಲ. ಕಡಿದ ಕೈಕಾಲಿಗೆ ಒಂದು ದಬ್ಬೆ ಕಟ್ಟಿ ಅಲುಗಾಡದಂತೆ ಇಟ್ಟುಕೊಂಡು 108ಕ್ಕೆ ಫೋನ್ ಮಾಡಿ. ಆಸ್ಪತ್ರೆಯಲ್ಲಿ ಸ್ವಲ್ಪ ರಕ್ತವನ್ನು ಒಣಗಿದ ಗಾಜಿನ ಕೊಳವೆಯಲ್ಲಿ 20 ನಿಮಿಷ ಅಲುಗಿಸದೆ ಇಟ್ಟು ನೋಡುತ್ತಾರೆ. ಹೆಪ್ಪುಗಟ್ಟದಿದ್ದರೆ ಮಂಡಲದ ವಿಷ ರಕ್ತಕ್ಕೆ ಇಳಿದಿದೆ ಎಂದು ಅರ್ಥ. ಕಟ್ಟುಹಾವು ಕಡಿದದ್ದು ಎಷ್ಟೋ ಸಲ ನೋಯುವುದೇ ಇಲ್ಲ. ರಾತ್ರಿ ನೆಲದ ಮೇಲೆ ಮಲಗಿದವರಿಗೆ ಬೆಳಗಿನ ಜಾವ ಹೊಟ್ಟೆನೋವು, ರೆಪ್ಪೆ ಜೋಲು ಅಂದರೆ ಗಾಳಿ ಸೋಕು ಅಂತ ಮಂತ್ರ ಹಾಕಿಸಲು ಹೊರಡುವವರು ಇವತ್ತಿಗೂ ಇದ್ದಾರೆ. ಹಾವು, ಚೇಳು, ನಾಯಿ ಕಡಿದವರಿಗೆ ಚಿಕಿತ್ಸೆ ತಪ್ಪಿಸಿ ಮಂತ್ರ ತಂತ್ರ ಮಾಡುವುದು ನಮ್ಮ ರಾಜ್ಯದ 2017ರ ಅಮಾನವೀಯ ದುಷ್ಟ ಪದ್ಧತಿಗಳು ಮತ್ತು ವಾಮಾಚಾರ ತಡೆ ಕಾಯ್ದೆಯ ಪ್ರಕಾರ ಅಪರಾಧ. ಎದೆನೋವು, ಬಾಯಿ ಸೊಟ್ಟಗಾಗಿ ಕೈ ಬಿದ್ದುಹೋಗುವುದು, ಬಸುರಿಗೆ ರಕ್ತಸ್ರಾವ, ಇವೂ ಹೂ ಕೇಳಲೇಬಾರದ ಸಾಲಿಗೇ. ಲಕ್ವಕ್ಕೆ ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಬೀಳಬೇಕು. ಇಂಥ ಹೊತ್ತಿನಲ್ಲಿ ದೇವರ ಹೆಸರು ಹೇಳಿಕೊಂಡೇ ಗಾಡಿ ಹತ್ತಿ, ಗುಡಿಗೆ ಆಮೇಲೆ ಹೋಗಿ.

ಇನ್ನು ಕೇಳುವ ಕ್ರಮಕ್ಕೆ ಬರೋಣ. ಹೂವಿನ ಪ್ರಸಾದದಲ್ಲಿ ಪೂಜಾರಪ್ಪ ಹೂವನ್ನೋ ಎಸಳನ್ನೋ ನೀರಲ್ಲಿ ಅದ್ದಿ ಮೂರ್ತಿಯ ಎಡಬಲಕ್ಕೆ ಅಂಟಿಸುತ್ತಾರೆ, ಇಲ್ಲವೇ ಕಿರೀಟದ, ಭುಜದ ಮೇಲೆ ಇಡುತ್ತಾರೆ. ಕೇಳುವವರು ಕೈಮುಗಿದು ಬೇಡಿಕೊಳ್ಳುತ್ತಾರೆ. ಬಲಗಡೆಯದು ಬಿದ್ದರೆ ಆಗುತ್ತದೆ, ಎಡಗಡೆಯದಾದರೆ ಬೇಡ. ಇಲ್ಲೇ ಮೊದಲ ಎಡವಟ್ಟು. ಬಲ ಅಂದರೆ ಸಾಮಾನ್ಯವಾಗಿ ದೇವರ ಬಲ, ಎದುರಿಗೆ ನಿಂತ ನಿಮ್ಮ ಎಡಗೈ ಕಡೆ. ಗುಡಿಯಿಂದ ಗುಡಿಗೆ ಕಟ್ಟಳೆ ಬೇರೆ ಇರುವುದರಿಂದ ಕೇಳುವ ಮುಂಚೆಯೇ ಪೂಜಾರಪ್ಪನ ಬಾಯಲ್ಲಿ ಹೇಳಿಸಿಕೊಳ್ಳಿ. ಬಿದ್ದ ಮೇಲೆ ಬಲ ಯಾವುದು ಅಂತ ಚರ್ಚೆ ಮಾಡಿದರೆ ಗೆಲ್ಲುವುದು ನಮ್ಮ ಆಸೆ.

ಎಸಳು ಬೀಳುವುದು ನೀರು ಆರಿದಾಗ. ದೀಪದ ಕಾವು ಒಂದು ಕಡೆ ಹೆಚ್ಚಿದ್ದರೆ ಆ ಕಡೆಯದು ಬೇಗ ಆರುತ್ತದೆ. ಗೋಡೆಗೆ ಫ್ಯಾನ್ ಹಾಕಿದ್ದರೆ ಗಾಳಿ ತಾಗಿದ ಕಡೆಯದು ಉದುರುತ್ತದೆ. ಒಂದು ಕಡೆ ಸೇವಂತಿಗೆ, ಇನ್ನೊಂದು ಕಡೆ ತುಳಸಿ ಇಟ್ಟರೆ ಭಾರವೇ ಬೇರೆ. ಇದನ್ನು ಹೇಳಿದರೆ "ಹಾಗಾದ್ರೆ ದೇವರು ಎಲ್ಲಿ?" ಅನ್ನುತ್ತಾರೆ. ದೇವರ ಮುಂದೆ ಹೋಗುವಾಗ ತಕ್ಕಡಿಯನ್ನು ನೆಟ್ಟಗೆ ಹಿಡಿಯುವುದೂ ಭಕ್ತಿಯೇ. ಫ್ಯಾನ್ ಆರಿಸಿ, ಎರಡೂ ಕಡೆ ಒಂದೇ ಹೂ, ಒಂದೇ ಅಳತೆ ಇರಲಿ. ಮಂಗಳವಾರ, ಶುಕ್ರವಾರದ ನೂಕುನುಗ್ಗಲು ಬಿಟ್ಟು ಜನ ಕಡಿಮೆ ಇರುವ ದಿನ ಬೆಳಗಿನ ಪೂಜೆ ಆದ ಮೇಲೆ ಹೋದರೆ ಪೂಜಾರಪ್ಪನಿಗೂ ಪುರುಸೊತ್ತು ಇರುತ್ತದೆ. ಎಷ್ಟು ಹೊತ್ತು ಕಾಯುವುದು ಅನ್ನುವುದನ್ನೂ ಮೊದಲೇ ಮಾತಾಡಿಕೊಳ್ಳಿ. ಎರಡೂ ಕಡೆ ಬೀಳದಿದ್ದರೆ ಅದು "ಇವತ್ತು ಮಾತಿಲ್ಲ" ಅಂತ, "ಹೌದು" ಅಂತ ಅಲ್ಲ.

ಹೆಚ್ಚಿನ ಕಡೆ ಕೆಡುವುದು ಹೂವಿನಲ್ಲಲ್ಲ, ಪ್ರಶ್ನೆಯಲ್ಲಿ. "ತಾಯಿ, ನಮಗೆ ಒಳ್ಳೇದಾಗುತ್ತಾ?" ಅಂದರೆ ಅದಕ್ಕೆ ಎಡಬಲದಲ್ಲಿ ಉತ್ತರವೇ ಇಲ್ಲ. ಬೋರಿನ ಉದಾಹರಣೆ ತೆಗೆದುಕೊಳ್ಳಿ, ಕೋಲಾರ, ಚಿಕ್ಕಬಳ್ಳಾಪುರದ ಕಡೆ ಮನೆ ಮುಳುಗಿಸುವ ನಿರ್ಧಾರ ಇದೇ. ಇಲ್ಲಿ ಸಾವಿರ ಅಡಿ ದಾಟಿದರೂ ಬರೀ ಧೂಳು ಬರುವ ಹೊಲಗಳಿವೆ. ನೆಲದಡಿ ಇರುವುದು ಗಟ್ಟಿ ಕಲ್ಲು. ನೀರು ಇರುವುದು ಅದರ ಬಿರುಕಿನಲ್ಲಿ ಮಾತ್ರ, ಹಾಗಾಗಿ ಪಕ್ಕದ ಹೊಲದಲ್ಲಿ ಎರಡು ಇಂಚು ಬಂತು ಅಂದರೆ ನಿಮ್ಮಲ್ಲೂ ಬರಬೇಕೆಂದಿಲ್ಲ. ನೀರು ನೋಡುವವರ ಅಂಗೈ ಮೇಲಿನ ತೆಂಗಿನಕಾಯಿ ಎದ್ದು ನಿಂತಿತು ಅನ್ನುವುದನ್ನು ನಂಬುವವರು ನಂಬಲಿ, ಆದರೆ ಭೂವಿಜ್ಞಾನಿಯಿಂದ ಒಂದು ಸರ್ವೆ ಮಾಡಿಸದೆ ಬರೀ ಅದನ್ನೇ ನೆಚ್ಚಿ ರಿಗ್ ಕರೆಸಬೇಡಿ. ಸುತ್ತಲ ಬೋರುಗಳಲ್ಲಿ ಎಷ್ಟು ಅಡಿಗೆ ನೀರು ಸಿಕ್ಕಿತು, ಯಾವ ವರ್ಷ ನಿಂತಿತು ಅಂತ ಬರೆದುಕೊಳ್ಳಿ. ಕೊರೆಯುವ ದರ ಆಳಕ್ಕೆ ಹೋದಂತೆ ಅಡಿಗೆ ಏರುತ್ತಾ ಹೋಗುತ್ತದೆ. ಅದರ ಮೇಲೆ ಕೇಸಿಂಗ್, ಮೋಟರ್, ಕೇಬಲ್, ಪೈಪು. ಇಷ್ಟನ್ನೂ ಕೂಡಿಸಿ, ನೀರು ಬರದಿದ್ದರೂ ಮನೆ ನಡೆಯುವಷ್ಟು ಉಳಿಯುತ್ತದಾ ಅಂತ ಮನೆಯವರೆಲ್ಲ ಕೂತು ನೋಡಬೇಕು. ಅಂತರ್ಜಲ ಕಾಯ್ದೆಯ ಪ್ರಕಾರ ಅಧಿಸೂಚಿತ ತಾಲ್ಲೂಕುಗಳಲ್ಲಿ ಕೊರೆಯಲು ಅನುಮತಿಯೂ ಬೇಕು.

ಇದೆಲ್ಲ ಆದ ಮೇಲೂ ಮನಸ್ಸು ಎರಡಾಗಿದ್ದರೆ ಆಗ ಹೂ ಕೇಳಿ, ಹೀಗೆ ಕೇಳಿ: "ತಾಯಿ, ಮೇಲಿನ ಹೊಲದ ಬೇಲಿ ಪಕ್ಕ ಗುರುತು ಹಾಕಿದ ಕಡೆ, ಎಂಟುನೂರು ಅಡಿವರೆಗೆ ಕೊರೆಸಲಾ? ಹೌದಾದ್ರೆ ಬಲಗಡೆ ಕೊಡು." ಒಂದು ಜಾಗ, ಒಂದು ಮಿತಿ, ಒಂದು ಉತ್ತರ. ಮಿತಿಯನ್ನು ಕೇಳುವ ಮುಂಚೆಯೇ ಚೀಟಿಯಲ್ಲಿ ಬರೆದು ಮನೆಯ ಹೆಣ್ಣುಮಕ್ಕಳ ಕೈಯಲ್ಲಿ ಕೊಟ್ಟಿರಿ. ರಿಗ್ ಸದ್ದು ಮಾಡುವಾಗ "ಇನ್ನೊಂದು ನೂರಡಿ ಅಣ್ಣಾ, ಕಲ್ಲು ಬಣ್ಣ ತಿರುಗ್ತಿದೆ" ಅನ್ನುವ ಮಾತಿಗೆ ತಲೆ ತಿರುಗದವರು ಕಡಿಮೆ. ಅಪ್ಪಣೆ ಆಗಿದೆ ಅಂತ ಸಾವಿರದ ಇನ್ನೂರಕ್ಕೆ ಇಳಿಸಿದರೆ ಆ ನಾನೂರು ಅಡಿಯ ಸಾಲ ನಿಮ್ಮದು, ಅಮ್ಮನದಲ್ಲ. ನೀರು ಬರಲಿಲ್ಲ ಅಂದರೆ ಅವತ್ತೇ ಬೋರಿನ ಬಾಯಿ ಮುಚ್ಚಿಸಿ, ನಾಳೆ ಅನ್ನಬೇಡಿ. ಬಂದರೆ ಕುಡಿಯುವ ಮುಂಚೆ ಫ್ಲೋರೈಡ್ ಪರೀಕ್ಷೆ ಮಾಡಿಸಿ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರು ಹಲ್ಲು, ಮೂಳೆ ಕೆಡಿಸುತ್ತದೆ, ಪಾವಗಡದವರಿಗೆ ಇದನ್ನು ಹೇಳಿಕೊಡಬೇಕಿಲ್ಲ.

ಗೀತೆಯ 18ನೇ ಅಧ್ಯಾಯದ 63ನೇ ಶ್ಲೋಕದಲ್ಲಿ ಕೃಷ್ಣ ಎಲ್ಲ ಹೇಳಿ ಮುಗಿಸುವ ಹೊತ್ತಿಗೆ ಅರ್ಜುನನಿಗೆ, ಇದನ್ನೆಲ್ಲ ಪೂರ್ತಿ ವಿಮರ್ಶೆ ಮಾಡಿ ನಿನಗೆ ಸರಿ ಕಂಡಂತೆ ಮಾಡು ಅನ್ನುತ್ತಾನೆ. ಮೂರು ಶ್ಲೋಕ ಆದ ಮೇಲೆ ಬರುವ "ನನ್ನೊಬ್ಬನಿಗೇ ಶರಣಾಗು" ಅನ್ನುವುದನ್ನು ಎಲ್ಲರೂ ಬಾಯಿಪಾಠ ಹೇಳುತ್ತಾರೆ, ಇದನ್ನು ಹೇಳುವವರು ಕಡಿಮೆ.

ಸಾಲದ ವಿಷಯದಲ್ಲಿ ಹೂ ಕೇಳುವುದು ನನಗೆ ಸರಿ ಕಾಣುವುದಿಲ್ಲ, ಅಲ್ಲಿ ಬೇಕಾದದ್ದು ಲೆಕ್ಕ. ಯಾರಿಗೆ ಎಷ್ಟು, ಬಡ್ಡಿ ಎಷ್ಟು, ವಾರದ ಕಂತು ಯಾವುದು ಅಂತ ಒಂದು ಹಾಳೆಯಲ್ಲಿ ಇಳಿಸಿ. ಮನೆ ಬಾಗಿಲಿಗೆ ಬಂದು ಮರ್ಯಾದೆ ಕಳೆಯುವ ವಸೂಲಿಯ ವಿರುದ್ಧ 2025ರಲ್ಲಿ ರಾಜ್ಯದಲ್ಲಿ ಕಾನೂನೇ ಬಂದಿದೆ, ಪೊಲೀಸ್ ಠಾಣೆಗೆ ದೂರು ಕೊಡಬಹುದು. ತಾಲ್ಲೂಕು ಕಾನೂನು ಸೇವಾ ಸಮಿತಿ ಕೋರ್ಟಿನ ಆವರಣದಲ್ಲೇ ಇರುತ್ತದೆ, ಫೋನಿಗೆ 15100. ಬದುಕೇ ಬೇಡ ಅನ್ನಿಸುವ ರಾತ್ರಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಹಗಲು ರಾತ್ರಿ, ಕನ್ನಡದಲ್ಲೇ ಮಾತಾಡುತ್ತಾರೆ. ದೇವರು ಕೈಬಿಟ್ಟ ಅಂತ ಅನ್ನಿಸಿದವರಿಗೂ ಆ ನಂಬರು ಕೊಡಿ. ಭಕ್ತಿ ಕಡಿಮೆಯಾಯಿತು ಅಂತ ಅವರಿಗೆ ಬುದ್ಧಿ ಹೇಳಲು ಕೂರಬೇಡಿ.

ಎಡಗಡೆ ಬಂದರೆ? ಅದೇ ದಿನ ಮತ್ತೆ ಕೇಳುವುದು, ಊರಮ್ಮ ಕೊಡಲಿಲ್ಲ ಅಂತ ಮಾರನೇ ದಿನ ಪಕ್ಕದ ತಾಲ್ಲೂಕಿನ ದೇವರ ಹತ್ತಿರ ಹೋಗುವುದು, ಬೇಕಾದ ಉತ್ತರ ಬರುವ ತನಕ ಹೀಗೇ ಅಲೆಯುವುದು. ಇದು ಅಪ್ಪಣೆ ಕೇಳುವುದಲ್ಲ, ಅಪ್ಪಣೆ ಕೊಡುವುದು. ವಿಷಯ ಬದಲಾಗದೆ ಮತ್ತೆ ಕೇಳಬೇಡಿ. ಹೊಸ ಸರ್ವೆ ಬಂತು, ಬೇರೆ ಡಾಕ್ಟ್ರು ಬೇರೆ ಮಾತು ಹೇಳಿದರು, ಕೈಗೆ ದುಡ್ಡು ಬಂತು, ಆಗ ಪ್ರಶ್ನೆಯೇ ಹೊಸದು, ಕೇಳಬಹುದು. ಎಡ ಬಿದ್ದದ್ದಕ್ಕೆ ದೋಷ ಇದೆ, ಪರಿಹಾರಕ್ಕೆ ಇಷ್ಟು ಸಾವಿರ ತನ್ನಿ, ಮನೆಯಲ್ಲಿ ಯಾರಿಗೂ ಹೇಳಬೇಡಿ ಅನ್ನುವವರು ಸಿಕ್ಕರೆ ಮಂಗಳಾರತಿ ತಗೊಂಡು ಎದ್ದು ಬನ್ನಿ. ಔಷಧಿ ನಿಲ್ಲಿಸಿ ಅಂದರೆ ಮಂಗಳಾರತಿಗೂ ಕಾಯಬೇಡಿ.

ಹರಕೆಯ ವಿಚಾರ ಕೊನೆಗೆ ಇಟ್ಟೆ, ಯಾಕೆಂದರೆ ಕಷ್ಟ ಕಳೆದ ಮೇಲೂ ಉಳಿಯುವುದು ಅದೇ. ಮುಡಿಪು ಕಟ್ಟುವುದು ಸುಲಭ. ಅರಿಶಿನದ ನೀರಲ್ಲಿ ಅದ್ದಿ ಒಣಗಿಸಿದ ಬಿಳಿ ಬಟ್ಟೆ, ಅದರಲ್ಲಿ ಒಂದಿಷ್ಟು ಕಾಸು, ಗಂಟು ಹಾಕಿ ದೇವರ ಗೂಡಲ್ಲಿ ಇಟ್ಟರೆ ಆಯಿತು. ಆ ಗಂಟಿನ ಜೊತೆ ಒಂದು ಚೀಟಿಯನ್ನೂ ಇಡಿ: ಯಾರು ಹೊತ್ತದ್ದು, ಏನು ಹೊತ್ತದ್ದು, ಯಾವ ದೇವರಿಗೆ, ಯಾವತ್ತಿನ ಒಳಗೆ. ಹೊತ್ತವರು ಮರೆತು, ಅವರು ಹೋದ ಮೇಲೆ ಮಕ್ಕಳು "ಅಪ್ಪ ಏನೋ ಹರಕೆ ಹೊತ್ತಿದ್ರಂತೆ" ಅಂತ ಪ್ರತಿ ಜ್ವರಕ್ಕೂ ಹೆದರುವ ಮನೆಗಳು ಎಷ್ಟಿವೆಯೋ. ಭಯದಲ್ಲಿರುವಾಗ ಬೆಳ್ಳಿ ಮುಖವಾಡ, ಊರಿಗೆಲ್ಲ ಊಟ ಅಂತ ಬಾಯಿಗೆ ಬರುತ್ತದೆ. ಸಾಲ ಮಾಡದೆ ತೀರಿಸುವಂಥದ್ದನ್ನೇ ಹೊರಿ: ಉರುಳು ಸೇವೆ, ಒಂದು ದಿನದ ಅಭಿಷೇಕ, ಸಿದ್ಧಗಂಗೆಯ ದಾಸೋಹಕ್ಕೆ ಒಂದು ಮೂಟೆ ರಾಗಿ. ಇನ್ನೊಬ್ಬರ ಮೈಮೇಲೆ ಹೊರಬೇಡಿ. ಸೊಸೆ ನೂರೊಂದು ಕೊಡ ನೀರು ಹೊರುತ್ತಾಳೆ ಅಂತ ಅತ್ತೆ ಹರಕೆ ಹೊತ್ತರೆ ಅದು ಅತ್ತೆಯ ಹರಕೆಯಲ್ಲ. ಗುಡಿಯ ಆವರಣದಲ್ಲಿ ಪ್ರಾಣಿಬಲಿ 1959ರ ಕಾಯ್ದೆಯಿಂದಲೇ ನಿಷೇಧ, ಹಿಂದೆ ಹೊತ್ತಿದ್ದರೂ ಅಲ್ಲಿ ತೀರಿಸಲು ಬರುವುದಿಲ್ಲ, ನಿಂಬೆಹಣ್ಣು, ಕುಂಬಳಕಾಯಿಗೆ ಬದಲಿಸಿಕೊಡಿ ಅಂತ ಪೂಜಾರಪ್ಪನ ಮುಂದೆ ಕೇಳಿಕೊಳ್ಳಬಹುದು.

ಹೇಳಿದ ಹೊತ್ತಿಗೆ ತೀರಿಸಲು ಆಗದಿದ್ದರೆ ಅದಕ್ಕೂ ನಮ್ಮ ಹಿರಿಯರು ದಾರಿ ಇಟ್ಟಿದ್ದಾರೆ. ಗುಡಿಗೆ ಹೋಗಿ ತಪ್ಪುಕಾಣಿಕೆ ಹಾಕಿ, ಯಾವಾಗ ತೀರಿಸುತ್ತೇವೆ ಅಂತ ಹೊಸ ದಿನ ಹೇಳಿ ಬರುವುದು. ಹನ್ನೊಂದು ರೂಪಾಯಿ ಆದರೂ ಸಾಕು. ಚೀಟಿಯಲ್ಲಿ ಹಳೇ ದಿನಕ್ಕೆ ಗೀಟು ಹಾಕಿ ಹೊಸ ದಿನ ಬರೆಯಿರಿ.