ತಾಮ್ರ ಹಾಕಿದ್ದೀರಿ, ಸರಿ. ಏನನ್ನು ತೆಗೆದಿರಿ?

ಬಯೋಆಕ್ಟಿವ್ ಗಾಜಿಗೆ ಲೋಹದ ಅಯಾನು ಸೇರಿಸಿ ಪರೀಕ್ಷಿಸುವುದು ನನ್ನ ಕೆಲಸ. ಲ್ಯಾಬಿಗೆ ಹೊಸಬರು ಬಂದಾಗ ಅವರ ರೆಸಿಪಿ ಹಾಳೆ ನೋಡಿ ಮೊದಲು ಕೇಳುವುದು ಇದನ್ನೇ: ಇದನ್ನು ಹಾಕೋಕೆ ಏನನ್ನು ತೆಗೆದಿರಿ?

ಈ ಗಾಜುಗಳ ಮೂಲ, 1969ರಲ್ಲಿ ಲ್ಯಾರಿ ಹೆಂಚ್ ಫ್ಲಾರಿಡಾ ವಿಶ್ವವಿದ್ಯಾಲಯದಲ್ಲಿ ಮಾಡಿದ 45ಎಸ್5. ತೂಕದಲ್ಲಿ ನೂರಕ್ಕೆ 45 ಪಾಲು ಸಿಲಿಕಾ, ಸೋಡಿಯಂ ಮತ್ತು ಕ್ಯಾಲ್ಸಿಯಂ ಆಕ್ಸೈಡ್ ತಲಾ 24.5, ಉಳಿದ 6 ರಂಜಕದ ಆಕ್ಸೈಡ್. ಕಿಟಕಿ ಗಾಜಿಗಿಂತ ಸಿಲಿಕಾ ಬಹಳ ಕಡಿಮೆ. ಅದಕ್ಕೇ ಇದು ದೇಹದೊಳಗೆ ಕರಗುತ್ತದೆ, ಮೇಲೆ ಮೂಳೆಯ ಖನಿಜದಂಥ ಪದರ ಕಟ್ಟುತ್ತದೆ, ಮೂಳೆ ಅದಕ್ಕೆ ಅಂಟಿಕೊಳ್ಳುತ್ತದೆ. ಕರಗುವ ಗಾಜು ಅಂದಮೇಲೆ ಅದರೊಳಗೆ ಬೇಕಾದ ಅಯಾನು ಇಟ್ಟು ಕಳಿಸಬಹುದಲ್ವಾ? ಮೂಳೆಗೆ ಸ್ಟ್ರಾನ್ಷಿಯಂ, ರಕ್ತನಾಳ ಬೆಳೆಯಲು ತಾಮ್ರ ಇಲ್ಲವೇ ಕೋಬಾಲ್ಟ್, ಬ್ಯಾಕ್ಟೀರಿಯಾ ತಡೆಯಲು ಬೆಳ್ಳಿ, ಸತು. ಹೇಳೋಕೆ ಇಷ್ಟೇ.

ತೊಡಕು ಶುರುವಾಗುವುದು ತಕ್ಕಡಿಯಲ್ಲಿ. 10 ಗ್ರಾಂ ಕ್ಯಾಲ್ಸಿಯಂ ಆಕ್ಸೈಡ್ ತೆಗೆದು 10 ಗ್ರಾಂ ಸ್ಟ್ರಾನ್ಷಿಯಂ ಆಕ್ಸೈಡ್ ಹಾಕಿದರೆ ಲೆಕ್ಕ ಸರಿಹೋದಂತೆ ಕಾಣುತ್ತದೆ. ಆದರೆ ಗಾಜಿನಲ್ಲಿ ಲೆಕ್ಕಕ್ಕೆ ಬರುವುದು ಕಣಗಳ ಸಂಖ್ಯೆ, ಅದನ್ನು ಎಣಿಸುವ ಅಳತೆ ಮೋಲ್. ಒಂದು ಮೋಲ್‌ಗೆ ಮೊದಲನೆಯದು ಸುಮಾರು 56 ಗ್ರಾಂ, ಎರಡನೆಯದು 104 ಗ್ರಾಂ ತೂಗುತ್ತದೆ. ಅಂದರೆ ತೆಗೆದದ್ದು 0.178 ಮೋಲ್, ಹಾಕಿದ್ದು 0.097. ಹೆಚ್ಚುಕಡಿಮೆ ಅರ್ಧ! ಗಾಜಿನ ಚೌಕಟ್ಟಾದ ಸಿಲಿಕಾ ಜಾಲವನ್ನು ಸಡಿಲಿಸುವ ಅಯಾನುಗಳು ಕಡಿಮೆಯಾದವು, ಸಿಲಿಕಾದ ಪಾಲು ಏರಿತು, ಗಾಜು ನಿಧಾನವಾಗಿ ಕರಗಿತು. ಆಮೇಲೆ ವರದಿಯಲ್ಲಿ 'ಸ್ಟ್ರಾನ್ಷಿಯಂ ಕರಗುವಿಕೆಯನ್ನು ತಗ್ಗಿಸಿತು' ಎಂದು ಬರೆಯುತ್ತಾರೆ. ಪಾಪ, ಸ್ಟ್ರಾನ್ಷಿಯಂ ಏನೂ ಮಾಡಿಲ್ಲ. ಮೋಲ್‌ಗೆ ಮೋಲ್ ಬದಲಿಸಿದರೆ ಆ ದೊಡ್ಡ ಅಯಾನು ಜಾಲವನ್ನು ತುಸು ಅಗಲಿಸುತ್ತದೆ, ಗಾಜು ಇನ್ನೂ ಬೇಗ ಕರಗುತ್ತದೆ. ಅದೇ ಅಯಾನು, ಉಲ್ಟಾ ಫಲಿತಾಂಶ. ಹಾಗಾಗಿ ರೆಸಿಪಿ ಹಾಳೆಯಲ್ಲಿ ಗ್ರಾಂ ಪಕ್ಕದಲ್ಲಿ ಮೋಲ್ ಕಾಲಂ ಇಲ್ಲದಿದ್ದರೆ ನಾನು ಸಹಿ ಹಾಕುವುದಿಲ್ಲ.

ಸತು ಬೇರೆ ಥರ. ಅದು ಜಾಲದೊಳಗೇ ಸೇರಿಕೊಳ್ಳಬಲ್ಲದು, ಆಗ ಗಾಜು ಗಟ್ಟಿಯಾಗುತ್ತದೆ. ಜಾಸ್ತಿ ಹಾಕಿದರೆ ಖನಿಜ ಪದರ ಕಟ್ಟುವುದೇ ತಡವಾಗುತ್ತದೆ.

ಮುಂದಿನದು ಜೀವಕೋಶಗಳ ಪರೀಕ್ಷೆ. ಗಾಜಿನ ಪುಡಿಯನ್ನು ಕೋಶ ಬೆಳೆಸುವ ದ್ರವಕ್ಕೆ, ಅಂದರೆ ಮೀಡಿಯಂಗೆ, ಹಾಕಿ ಸ್ವಲ್ಪ ಹೊತ್ತು ಬಿಟ್ಟರೆ ಕೆಂಪಿದ್ದದ್ದು ಗಾಢ ಗುಲಾಬಿಗೆ ತಿರುಗುತ್ತದೆ. ಗಾಜಿನ ಸೋಡಿಯಂ ಹೊರಬಂದು, ಅದರ ಜಾಗಕ್ಕೆ ನೀರಿನ ಹೈಡ್ರೋಜನ್ ಹೋಗಿ, ಪಿಹೆಚ್ ಏರಿದ ಗುರುತು ಅದು. ಅಂಥ ಕ್ಷಾರದಲ್ಲಿ ಕೋಶಗಳು ಸಾಯುತ್ತವೆ. ತಟ್ಟೆಯಲ್ಲಿ ತಾಮ್ರದ ಗಾಜು ಮಾತ್ರ ಇದ್ದರೆ ತಪ್ಪೆಲ್ಲ ತಾಮ್ರದ ತಲೆಗೆ. ತಾಮ್ರವಿಲ್ಲದ ಮೂಲ ಗಾಜು ಒಂದು ಕಡೆ, ಗಾಜೇ ಇಲ್ಲದೆ ಅಷ್ಟೇ ತಾಮ್ರವನ್ನು ಲವಣವಾಗಿ ಹಾಕಿದ ಮೀಡಿಯಂ ಇನ್ನೊಂದು ಕಡೆ ಇಟ್ಟಾಗಲೇ ಕೊಂದದ್ದು ಯಾವುದು ಅಂತ ಬಿಡಿಸಿ ಹೇಳೋಕೆ ಆಗುವುದು. ಪುಡಿಯನ್ನು ಮೊದಲೇ ಮೀಡಿಯಂನಲ್ಲಿ ನೆನೆಸಿಟ್ಟು, ಆ ದ್ರವ ಚೆಲ್ಲಿ, ಆಮೇಲೆ ಕೋಶ ಹಾಕುವುದೂ ಒಂದು ದಾರಿ. ಆದರೆ ಆ ಚೆಲ್ಲಿದ ದ್ರವದಲ್ಲಿ ಒಂದಿಷ್ಟು ತಾಮ್ರವೂ ಹೋಯಿತು ಅನ್ನುವುದನ್ನು ಬರೆದಿಡಬೇಕು.

ಬೆಳ್ಳಿಯದ್ದು ಎಲ್ಲಕ್ಕಿಂತ ಕಿರಿಕಿರಿ. ದೇಹದ ದ್ರವದ ಅನುಕರಣೆಗೆ ನಾವು ಬಳಸುವ ಎಸ್‌ಬಿಎಫ್‌ನಲ್ಲಿ ಕ್ಲೋರೈಡ್ ಧಾರಾಳ. ಹೊರಬಂದ ಬೆಳ್ಳಿ ಅಲ್ಲೇ ಸಿಲ್ವರ್ ಕ್ಲೋರೈಡ್ ಆಗಿ ಕೂರುತ್ತದೆ. ಬಾಟಲಿಯಲ್ಲಿ ಬಿಳಿ ಮಂಜು ಕಾಣಿಸಿ, ಬೆಳಕಿಗಿಟ್ಟರೆ ಕಪ್ಪಗಾಗುತ್ತದೆ. ಅದನ್ನು ಸೋಸಿ, ದ್ರವದಲ್ಲಿ ಯಾವ ಲೋಹ ಎಷ್ಟಿದೆ ಎಂದು ಅಳೆಯುವ ಐಸಿಪಿ ಯಂತ್ರಕ್ಕೆ ಕೊಟ್ಟರೆ 'ಬೆಳ್ಳಿ ಹೊರಬಂದೇ ಇಲ್ಲ' ಅನ್ನುವಂಥ ಅಂಕಿ ಬರುತ್ತದೆ. ಬೆಳ್ಳಿ ಇರುವುದು ಸೋಸುವ ಕಾಗದದ ಮೇಲೆ. ಆದ್ದರಿಂದ ಬೆಳ್ಳಿ ಗಾಜು ಬಂದಾಗ ಕ್ಲೋರೈಡ್ ಇಲ್ಲದ ದ್ರಾವಣದಲ್ಲಿ ಇನ್ನೊಂದು ಜೊತೆ ಮಾದರಿ ಇಡಿಸುತ್ತೇನೆ, ಸೋಸಿದ ಕಾಗದವನ್ನೂ ಎಸೆಯಲು ಬಿಡುವುದಿಲ್ಲ.